ರೋಲರಣ್ಣನಿಗೆ ಮಾತ್ರ ಕೇಳಿಸಿದ ಸದ್ದು

ರಸ್ತೆ ಇಲಾಖೆಯ ಆ ಕಚೇರಿಗೆ ಇದ್ದದ್ದು ಒಂದೇ ರೋಲರು, ಅದಕ್ಕೆ ಇದ್ದದ್ದು ಒಬ್ಬನೇ ಡ್ರೈವರು. ಮೂವತ್ತೊಂದು ವರ್ಷ ಇಬ್ಬರೂ ಒಟ್ಟಿಗೆ ದುಡಿದು, ಒಟ್ಟಿಗೆ ಸವೆದು, ಕೊನೆಗೆ ಇಬ್ಬರ ಹೆಸರೂ ಒಂದೇ ಆಗಿಹೋಗಿತ್ತು. ಸಂಬಳದ ಪಟ್ಟಿಯಲ್ಲಿ ಅವನಿಗೊಂದು ಬೇರೆ ಹೆಸರಿತ್ತು ನಿಜ. ಆದರೆ ಸಂಬಳ ಕೊಡುವ ಕ್ಯಾಷಿಯರು ಕೂಡ ಆ ಹೆಸರನ್ನು ಓದಿ, ಯಾರಪ್ಪಾ ಇವನು ಎಂದು ತಲೆ ಕೆರೆದುಕೊಂಡು, ಆಮೇಲೆ ‘ಓ, ನಮ್ಮ ರೋಲರಣ್ಣ’ ಎಂದು ನೆನಪು ಮಾಡಿಕೊಳ್ಳುತ್ತಿದ್ದ.

ರೋಲರು ನಡೆಸುವುದೆಂದರೆ ಸುಮ್ಮನೆ ಹಿಂದೆ ಮುಂದೆ ಓಡಾಡುವುದು ಎಂದು ತಿಳಿದವರೇ ಹೆಚ್ಚು. ಮದುವೆಯಾದ ಹೊಸದರಲ್ಲಿ ಅವನ ಹೆಂಡತಿಯೂ, “ಹೋದ ದಾರೀಲೇ ವಾಪಸ್ ಬರೋದಕ್ಕೆ ಸಂಬಳ ಕೊಡ್ತಾರೇನ್ರೀ?” ಎಂದು ಕೇಳಿದ್ದಳು. ಅವನಿಗೆ ಅದು ಎಲ್ಲಿ ನಾಟಬೇಕೋ ಅಲ್ಲಿ ನಾಟಿತ್ತು. ಮಾರನೆಯ ದಿನವೇ ಅವಳನ್ನು ಕೆಲಸದ ಜಾಗಕ್ಕೆ ಕರೆದೊಯ್ದು, ಹೊಸ ರಸ್ತೆಯ ನಟ್ಟನಡುವೆ ಒಂದು ಚೊಂಬು ನೀರು ಸುರಿದು ತೋರಿಸಿದ. ನೀರು ಒಂದು ಗಳಿಗೆ ನಿಂತು, ಆಮೇಲೆ ಸರಿಯಾಗಿ ಅರ್ಧ ಈ ಕಡೆ ಅರ್ಧ ಆ ಕಡೆ ಹರಿದುಹೋಯಿತು. “ನೋಡು, ಎಲ್ಲಾದರೂ ನಿಂತಿತಾ?” ಎಂದ. ಅವಳು ನೋಡಿದಳು. ಗಂಡನಿಗೆ ಸ್ವಲ್ಪ ಹುಚ್ಚಿದೆ, ಆದರೆ ಯಾರಿಗೂ ತೊಂದರೆ ಕೊಡುವ ಹುಚ್ಚಲ್ಲ ಎಂದು ಅವತ್ತೇ ತೀರ್ಮಾನಿಸಿದಳು.

ಇಷ್ಟು ಅಚ್ಚುಕಟ್ಟಿನ ಮನುಷ್ಯನಿಗೆ ಒಂದೇ ಒಂದು ಕೊರಗು. ಮೂವತ್ತೊಂದು ವರ್ಷದಲ್ಲಿ ಅವನು ಉರುಳಿಸಿದ ಒಂದು ರಸ್ತೆಯೂ ವರ್ಷ ತುಂಬುವ ತನಕ ಬದುಕಿರಲಿಲ್ಲ. ರಸ್ತೆ ಕೆಟ್ಟು ಸತ್ತಿದ್ದರೆ ಅವನು ತನ್ನನ್ನೇ ಬೈದುಕೊಂಡು ಸುಮ್ಮನಾಗುತ್ತಿದ್ದ. ಹಾಗಲ್ಲ, ಗಟ್ಟಿಮುಟ್ಟಾಗಿದ್ದ ರಸ್ತೆಗಳನ್ನೇ ಅಗೆದು ಹಾಕುತ್ತಿದ್ದರು. ಅಗೆಯುತ್ತಿದ್ದದ್ದು ನೀರಿನ ಇಲಾಖೆ. ಆ ಇಲಾಖೆಯಲ್ಲಿ ಗುದ್ದಲಿ ಹಾರೆಗಳ ತಂಡಕ್ಕೆ ಮುಖ್ಯಸ್ಥನಾಗಿದ್ದವನು ಅವನ ಸ್ವಂತ ಹೆಂಡತಿಯ ತಮ್ಮ.

ಬಾಮೈದನನ್ನು ದೂರಿ ಪ್ರಯೋಜನವಿರಲಿಲ್ಲ. ವ್ಯವಸ್ಥೆಯೇ ಹಾಗಿತ್ತು. ರಸ್ತೆ ಇಲಾಖೆಗೆ ಲೆಕ್ಕದ ವರ್ಷದ ಕೊನೆಯ ತಿಂಗಳಲ್ಲಿ ಎಲ್ಲಿಲ್ಲದ ಅವಸರ. ಆ ತಿಂಗಳ ಕೊನೆಯ ತಾರೀಖಿನೊಳಗೆ ಹಣ ಖರ್ಚಾಗದಿದ್ದರೆ ವಾಪಸ್ಸು ಹೋಗುತ್ತಿತ್ತು. ವಾಪಸ್ಸು ಹೋದರೆ ಮುಂದಿನ ವರ್ಷ ಅಷ್ಟು ಕಡಿಮೆ ಬರುತ್ತಿತ್ತು. ಆದ್ದರಿಂದ ಹನ್ನೊಂದು ತಿಂಗಳು ತೂಕಡಿಸಿದ ಕಚೇರಿ ಹನ್ನೆರಡನೆಯ ತಿಂಗಳಲ್ಲಿ ಎದ್ದು ಕುಳಿತು ಕಂಡ ಕಂಡಲ್ಲಿ ಡಾಂಬರು ಹಾಕಿಸುತ್ತಿತ್ತು. ನೀರಿನ ಇಲಾಖೆಗೆ ಪೈಪು ಹಾಕಿಸುವ ಮನಸ್ಸು ಮೊದಲಿನಿಂದಲೂ ಇರುತ್ತಿತ್ತು. ಆದರೆ ಅಗೆಯಲು ಪರವಾನಗಿ ಬೇಕು. ಪರವಾನಗಿಯ ಅರ್ಜಿಯಲ್ಲಿ ಮೊದಲನೆಯ ಪ್ರಶ್ನೆಯೇ ‘ಅಗೆಯಲಿರುವ ರಸ್ತೆಯ ಸಂಖ್ಯೆ’. ಸಂಖ್ಯೆ ಕೊಡುವುದು ಪೂರ್ತಿಯಾದ ರಸ್ತೆಗೆ ಮಾತ್ರ. ಅಂದರೆ ರಸ್ತೆಯಾಗದೆ ಅಗೆಯುವಂತಿಲ್ಲ. ಹೀಗಾಗಿ ನೀರಿನವರು ಪೈಪುಗಳನ್ನು ಬದಿಯಲ್ಲಿ ಪೇರಿಸಿಟ್ಟುಕೊಂಡು, ರೋಲರಣ್ಣ ಚೆನ್ನಾಗಿ ಉರುಳಿಸಿ ಮುಗಿಸುವುದನ್ನೇ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದರು. ಡಾಂಬರಿನ ಕಪ್ಪು ಮಾಸುವ ಮೊದಲೇ ಹಾರೆ ಬೀಳುತ್ತಿತ್ತು. ಅಗೆದ ಮೇಲೆ ಮಣ್ಣು ಗುಡ್ಡೆ ಹಾಕಿ ಹೋಗುತ್ತಿದ್ದರು, ಮಳೆ ಬಂದರೆ ಅದು ಕುಸಿಯುತ್ತಿತ್ತು, ವರ್ಷದ ಕೊನೆಗೆ ದುರಸ್ತಿಯ ಹಣ ತಾನಾಗಿ ಬರುತ್ತಿತ್ತು. ಯಾರೂ ಕದಿಯದೆ, ಯಾರೂ ಲಂಚ ತಿನ್ನದೆ, ಎಲ್ಲರೂ ನಿಯಮದ ಪ್ರಕಾರವೇ ನಡೆದು ಸರ್ಕಾರದ ದುಡ್ಡನ್ನು ಗುಂಡಿಗೆ ಸುರಿಯುತ್ತಿದ್ದರು.

ಭಾವ ಬಾಮೈದರ ನಡುವೆ ಮಾತು ನಿಂತದ್ದು ಅಳಿಯನ ಸಲುವಾಗಿ. ಮಗಳ ಮದುವೆಯಾಗಿ ಅಳಿಯ ಮೊದಲ ಸಲ ಮನೆಗೆ ಬಂದಿದ್ದ. ಅಳಿಯ ಮೇಜು ಕುರ್ಚಿ ಮಾಡುವ ಬಡಗಿ. ಬಂದವನೇ ತನ್ನ ಕೈಯಾರೆ ಮಾಡಿದ ಒಂದು ಪೀಠವನ್ನು ಅತ್ತೆಗೆ ಉಡುಗೊರೆ ಕೊಟ್ಟ. ಅದರ ಮೇಲೆ ಕುಳಿತ ರೋಲರಣ್ಣನಿಗೆ ತಾನೂ ಏನಾದರೂ ತೋರಿಸಬೇಕೆನ್ನಿಸಿತು. “ಬನ್ನಿ, ಅಂಚೆ ಕಚೇರಿ ಹತ್ತಿರ ನನ್ನ ಒಂದು ರಸ್ತೆ ಇದೆ, ನೋಡ್ಕೊಂಡು ಬರೋಣ” ಎಂದು ಎದೆಯುಬ್ಬಿಸಿ ಕರೆದೊಯ್ದ. ಆ ರಸ್ತೆಗೆ ಆಗ ಎರಡು ತಿಂಗಳು. ತಿರುವು ದಾಟಿ ನೋಡುತ್ತಾರೆ, ರಸ್ತೆಯಿದ್ದ ಕಡೆ ಉದ್ದಕ್ಕೂ ಕಂದಕ. ಕಂದಕದಲ್ಲಿ ಕುತ್ತಿಗೆಮಟ್ಟ ಇಳಿದು ನಿಂತ ಬಾಮೈದ, ಮುಖ ತುಂಬ ಮಣ್ಣು ಮೆತ್ತಿಕೊಂಡು, “ಬನ್ನಿ ಭಾವ, ಅಳಿಯಂದಿರು ಯಾವಾಗ ಬಂದ್ರು?” ಎಂದು ವಿಚಾರಿಸಿದ. ಮರ್ಯಾದಸ್ಥನಾದ ಅಳಿಯ ಮಾತಾಡಿಸಲು ಬಗ್ಗಿದ. ಕಾಲ ಕೆಳಗಿನ ಮಣ್ಣಿನ ಗುಡ್ಡೆ ಜಾರಿ, ಹೊಸ ಪ್ಯಾಂಟಿನ ಸಮೇತ ಚಿಕ್ಕ ಮಾವನ ಪಕ್ಕಕ್ಕೆ ಹೋಗಿ ನಿಂತ. ಅವತ್ತಿನಿಂದ ಎರಡು ವರ್ಷ ರೋಲರಣ್ಣ ಬಾಮೈದನ ಜೊತೆ ಮಾತಾಡಿರಲಿಲ್ಲ.

ಗಾರೆಯವನು ತಾನು ಕಟ್ಟಿದ ಮನೆ ತೋರಿಸಬಹುದು. ದರ್ಜಿ ತಾನು ಹೊಲಿದ ಅಂಗಿ ತೋರಿಸಬಹುದು. ತನಗೆ ಬೆರಳು ಚಾಚಿ ತೋರಿಸಲು ಏನೂ ಇಲ್ಲವಲ್ಲ ಎಂದು ಅವನಿಗೆ ನಿಜವಾಗಿಯೂ ಸಂಕಟವಾಗುತ್ತಿತ್ತು. ನಿವೃತ್ತಿಗೆ ಮೂರು ತಿಂಗಳಿರುವಾಗ ಅವನ ಪಾಲಿಗೆ ಕೊನೆಯ ರಸ್ತೆ ಬಂತು. ಶಾಲೆಯ ಹಿಂದಿನ ಬೀದಿ. ಒಂದು ಕಡೆ ಶಾಲೆಯ ಉದ್ದನೆಯ ಗೋಡೆ, ಇನ್ನೊಂದು ಕಡೆ ಸೈಕಲ್ ಅಂಗಡಿ, ಹಿಟ್ಟಿನ ಗಿರಣಿ, ಸಾಲಾಗಿ ಹದಿನೆಂಟು ಮನೆ. ಇದಕ್ಕೂ ನೀರಿನ ಪೈಪು ಮಂಜೂರಾಗಿದೆ ಎಂದು ಅವನಿಗೆ ಗೊತ್ತಿತ್ತು. ಬೀದಿಯ ತುದಿಯಲ್ಲಿ ಪೈಪುಗಳು ಆಗಲೇ ಬಂದು ಬಿದ್ದಿದ್ದವು.

ಜಲ್ಲಿ ಹರಡಿ, ನೀರು ಹೊಡೆದು, ಐದು ದಿನ ಉರುಳಿಸಿ ಜಲ್ಲಿಯ ಪದರ ಮುಗಿಸಿದ. ಇನ್ನು ಡಾಂಬರಿನದ್ದೊಂದೇ ಬಾಕಿ. ಅವತ್ತು ಸಂಜೆ ಡೀಸೆಲಿನ ಚೀಟಿಗೆ ರುಜು ಹಾಕಿಸಿಕೊಳ್ಳಲು ಎಂಜಿನಿಯರಮ್ಮನ ಕೋಣೆಗೆ ಹೋದ. ಎಂಜಿನಿಯರಮ್ಮ ಎರಡು ವರ್ಷದ ಹಿಂದೆ ಕೆಲಸಕ್ಕೆ ಸೇರಿದವರು, ವಯಸ್ಸಿನಲ್ಲಿ ಅವನ ಮಗಳಿಗಿಂತ ಚಿಕ್ಕವರು. ದೊಡ್ಡ ರಿಜಿಸ್ಟರಿನಲ್ಲಿ ಏನೋ ಬರೆಯುತ್ತಿದ್ದರು. ರೋಲರಣ್ಣ ತಲೆಕೆಳಗಾಗಿ ಓದಿದ. ‘ರಸ್ತೆ ಸಂಖ್ಯೆ ನಲವತ್ತೇಳು, ಶಾಲೆಯ ಹಿಂದಿನ ಬೀದಿ, ಡಾಂಬರೀಕರಣ ಪೂರ್ಣಗೊಂಡಿದೆ.’

“ಮೇಡಂ, ಡಾಂಬರು ಇನ್ನೂ ಪೀಪಾಯಲ್ಲೇ ಇದೆ,” ಎಂದ.

“ಗೊತ್ತು ರೋಲರಣ್ಣ. ವರ್ಷ ಮುಗಿಯೋಕೆ ಇನ್ನು ಮೂರು ದಿನ. ಮೊದಲು ಬರೆದುಬಿಡೋದು, ಆಮೇಲೆ ಹಾಕಿಬಿಡೋದು. ಎಲ್ಲ ಕಡೆ ಹೀಗೇ,” ಎಂದರು ಎಂಜಿನಿಯರಮ್ಮ, ತಲೆಯೆತ್ತದೆ.

ರೋಲರಣ್ಣ ಚೀಟಿ ಹಿಡಿದುಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತ. ಡಾಂಬರು ಹಾಕುವ ಮೊದಲೇ ರಸ್ತೆಗೆ ಸಂಖ್ಯೆ ಸಿಕ್ಕಿದೆ. ಸಂಖ್ಯೆ ಸಿಕ್ಕಿದ ಮೇಲೆ ನೀರಿನವರು ಪರವಾನಗಿ ಕೇಳಬಹುದು. ಪರವಾನಗಿ ಸಿಕ್ಕರೆ ಬರಿಯ ಜಲ್ಲಿಯನ್ನೇ ಅಗೆದು ಪೈಪು ಹಾಕಬಹುದು. ಆಮೇಲೆ ಡಾಂಬರು ಹಾಕಿದರೆ ಅದನ್ನು ಮುಟ್ಟುವವರು ಯಾರೂ ಇರುವುದಿಲ್ಲ. ಆಗಬೇಕಾದ್ದು ಇಷ್ಟೇ, ಪರವಾನಗಿ ಬರುವ ತನಕ ಯಾರೂ ಆ ಬೀದಿಗೆ ಡಾಂಬರು ಹಾಕಬಾರದು. ಡಾಂಬರು ಹಾಕಬೇಕಾದರೆ ರೋಲರು ಬೇಕು. ಅವನು ಎದ್ದು ಪ್ಯಾಂಟು ಕೊಡವಿಕೊಂಡ.

ಮಾರನೆಯ ಬೆಳಿಗ್ಗೆ ಕಚೇರಿಗೆ ಒಂದು ಅರ್ಜಿ ಬಂತು. ‘ರೋಲರಿನ ಒಳಗಿನಿಂದ ಅಪರಿಚಿತ ಸದ್ದು ಬರುತ್ತಿದೆ.’ ಡ್ರೈವರು ಹೀಗೆಂದು ಬರೆದುಕೊಟ್ಟರೆ, ವರ್ಕ್‌ಶಾಪಿನವರು ಪರೀಕ್ಷೆ ಮಾಡಿ ಸರಿಯಾಗಿದೆ ಎಂದು ಬರೆದುಕೊಡುವ ತನಕ ಯಂತ್ರ ಅಲುಗಾಡುವಂತಿಲ್ಲ. ಬೇರೆ ಕಚೇರಿಗಳ ಡ್ರೈವರುಗಳು ಮನೆಗೆ ನೆಂಟರು ಬಂದರೂ ಹೀಗೆ ಬರೆದುಕೊಡುತ್ತಿದ್ದರು. ರೋಲರಣ್ಣ ಮೂವತ್ತೊಂದು ವರ್ಷದಲ್ಲಿ ಬರೆದದ್ದು ಇದೇ ಮೊದಲು. ಆದ್ದರಿಂದ ಕಚೇರಿಗೇ ಗಾಬರಿಯಾಯಿತು.

ವರ್ಕ್‌ಶಾಪಿನಿಂದ ಹಿರಿಯ ಮೇಸ್ತ್ರಿ ಬಂದ. ಬೀದಿಯ ನಡುವೆ ನಿಂತಿದ್ದ ರೋಲರನ್ನು ಚಾಲೂ ಮಾಡಿಸಿದ. ಆ ರೋಲರು ಹುಟ್ಟಿದಾಗಿನಿಂದ ಸದ್ದು ಬಿಟ್ಟು ಬೇರೇನನ್ನೂ ಮಾಡಿದ್ದಿಲ್ಲ. ಶಾಲೆಯ ಮೇಷ್ಟರು ಪಾಠ ನಿಲ್ಲಿಸಿ ಕಿಟಕಿ ಮುಚ್ಚಿಕೊಂಡರು.

“ಕೇಳಿಸ್ತಾ ಮೇಸ್ತ್ರಿ?” ಎಂದು ರೋಲರಣ್ಣ ಕೂಗಿದ.

“ಯಾವುದು?”

“ಇದರ ಒಳಗಡೆ, ಸಣ್ಣಗೆ. ಬೇರೆ ಯಾರಿಗಾದರೂ ಆಗಿದ್ರೆ ಕೇಳಿಸೋದಿಲ್ಲ ಬಿಡಿ. ನೀವು ಅನುಭವಸ್ಥರು.”

ಮೇಸ್ತ್ರಿ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಆಲಿಸಿದ. ಏನೂ ಕೇಳಿಸಲಿಲ್ಲ. ಕೇಳಿಸಲಿಲ್ಲ ಎಂದರೆ ಇಷ್ಟು ವರ್ಷದ ಹೆಸರಿಗೆ ಮಸಿ. “ಹೂಂ, ಬರ್ತಿದೆ. ಗೇರಿನ ಹಲ್ಲು ಸವೆದಿದೆ,” ಎಂದು ವರದಿ ಬರೆದ. ಇಷ್ಟು ದೊಡ್ಡ ದೋಷವೆಂದ ಮೇಲೆ ಮೇಲಿನ ವರ್ಕ್‌ಶಾಪಿನಿಂದ ಇನ್ನೊಬ್ಬ ಮೇಸ್ತ್ರಿ ಬಂದ. ಅವನಿಗೂ ಏನೂ ಕೇಳಿಸಲಿಲ್ಲ. ಆದರೆ ಹಿರಿಯ ಮೇಸ್ತ್ರಿಗೂ ಅವನಿಗೂ ಮೊದಲಿನಿಂದ ಆಗುತ್ತಿರಲಿಲ್ಲವಾಗಿ, ಗೇರಿನದ್ದೆಂದು ಒಪ್ಪಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ. “ಗೇರಲ್ಲ, ಬೇರಿಂಗು. ಕಿವಿ ಇದ್ದವರಿಗೆ ಗೊತ್ತಾಗುತ್ತೆ,” ಎಂದು ಅವನೊಂದು ವರದಿ ಬರೆದ. ಎರಡು ವರದಿ ಎರಡು ಥರ ಇದ್ದುದರಿಂದ ಎರಡೂ ಭಾಗಗಳನ್ನು ತರಿಸಲು ಕಡತ ತಯಾರಾಯಿತು.

ಇಲ್ಲಿ ರೋಲರಣ್ಣ ಕಂಗಾಲಾದ. ತನ್ನ ಒಂದು ಸುಳ್ಳಿಗೆ ಸರ್ಕಾರದ ದುಡ್ಡು ದಂಡವಾಗುತ್ತದೆಂದು ಅವನು ಎಣಿಸಿರಲಿಲ್ಲ. ಎರಡು ದಿನ ಅನ್ನ ಸೇರಲಿಲ್ಲ. ಕೊನೆಗೆ ತಡೆಯಲಾರದೆ ಖರೀದಿಯ ಗುಮಾಸ್ತನ ಹತ್ತಿರ ಹೋಗಿ, “ಆ ಸಾಮಾನು ಯಾವಾಗ ಬರುತ್ತೆ?” ಎಂದು ಕೇಳಿದ. ಗುಮಾಸ್ತ ಕನ್ನಡಕ ಮೇಲೇರಿಸಿದ. “ಮೂರು ಕಡೆಯಿಂದ ದರಪಟ್ಟಿ ತರಿಸಬೇಕು. ಸಮಿತಿ ಕೂರಬೇಕು. ಸಮಿತಿಯ ಅಧ್ಯಕ್ಷರ ಜಾಗ ಖಾಲಿ ಇದೆ. ನಿಮ್ಮ ಮಗಳ ಮಗ ಇಲ್ಲಿ ಡ್ರೈವರಾಗಿ ಸೇರಿದರೆ ಅವನ ಕಾಲಕ್ಕೆ ಬರಬಹುದು.” ರೋಲರಣ್ಣನಿಗೆ ಹೋದ ಜೀವ ಬಂದಂತಾಯಿತು. ಜೀವಮಾನವಿಡೀ ಬೈದಿದ್ದ ಕಚೇರಿಯ ನಿಧಾನಕ್ಕೆ ಅವತ್ತು ಮನಸ್ಸಿನಲ್ಲೇ ಕೈ ಮುಗಿದ.

ಎಂಜಿನಿಯರಮ್ಮ ಮಾತ್ರ ಸುಮ್ಮನೆ ಬಿಡುವವರಲ್ಲ. ರಿಜಿಸ್ಟರಿನಲ್ಲಿ ರಸ್ತೆ ಮುಗಿದಿತ್ತು, ಬೀದಿಯಲ್ಲಿ ಜಲ್ಲಿ ಮಾತ್ರ ಇತ್ತು, ಯಾರಾದರೂ ಬಂದು ನೋಡಿದರೆ ಕುತ್ತು ಅವರಿಗೆ. ಒಂದು ಮಧ್ಯಾಹ್ನ ನೇರ ಬೀದಿಗೆ ಬಂದು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ರೋಲರಿನ ಮೇಲೆ ಹತ್ತಿ ಕುಳಿತರು. ಎಂಜಿನ್ ಚಾಲೂ ಮಾಡಿಸಿ ಐದು ನಿಮಿಷ ಆಲಿಸಿದರು. ಕೆಳಗೆ ನಿಂತಿದ್ದ ರೋಲರಣ್ಣನ ಮುಖವನ್ನೂ, ಬೀದಿಯ ತುದಿಯಲ್ಲಿ ಬಿದ್ದಿದ್ದ ಪೈಪುಗಳನ್ನೂ ಒಂದಾದ ಮೇಲೊಂದು ನೋಡಿದರು.

“ಈ ಸದ್ದು ಯಾವಾಗ ನಿಲ್ಲಬಹುದು ರೋಲರಣ್ಣ?”

ಅವನು ಸುಳ್ಳು ಹೇಳಿ ಅಭ್ಯಾಸವಿಲ್ಲದವನು. “ನೀರಿನವರು ಅಗೆದು ಮುಗಿಸಿದ ಮೇಲೆ ನಿಲ್ಲಬಹುದು ಅನ್ಸುತ್ತೆ ಮೇಡಂ.”

ಹಿಟ್ಟಿನ ಗಿರಣಿಯವನು ಬಾಗಿಲಿಗೆ ಬಂದು ನೋಡಿ ಒಳಗೆ ಹೋದ. “ನನಗೂ ಕೇಳಿಸ್ತಿದೆ,” ಎಂದು ಕೊನೆಗೆ ಅವರು ಹೇಳಿ, ಇಳಿದು, ಸ್ಕೂಟರು ಹತ್ತಿ ಹೋದರು.

ಎಲ್ಲ ಸರಿಯಾಯಿತು ಎನ್ನುವಷ್ಟರಲ್ಲಿ ಎರಡು ತೊಡಕು ಬಂದವು. ಒಂದು, ಅಗೆಯಲು ಬರಬೇಕಾದ ಬಾಮೈದ ಬರಲಿಲ್ಲ. ವಾರಗಟ್ಟಲೆ ಕಾದರೂ ನೀರಿನ ಇಲಾಖೆಯಿಂದ ಅರ್ಜಿಯೇ ಇಲ್ಲ. ಅವರದ್ದೊಂದು ಅಭ್ಯಾಸ. ಹೊಸ ಡಾಂಬರು ಕಣ್ಣಿಗೆ ಕಂಡ ಮೇಲೆಯೇ ಅರ್ಜಿ ಬರೆಯಲು ಕೂರುತ್ತಿದ್ದರು. ಎರಡನೆಯದು ದೊಡ್ಡ ಸಾಹೇಬರ ನೋಟಿಸು. ‘ಬರುವ ಸೋಮವಾರದಿಂದ ಹತ್ತು ದಿನದೊಳಗೆ ರೋಲರು ಕೆಲಸ ಆರಂಭಿಸದಿದ್ದರೆ ಡ್ರೈವರನ್ನು ಅಮಾನತ್ತಿನಲ್ಲಿಟ್ಟು, ನಿವೃತ್ತಿಯ ಎಲ್ಲ ಸೌಲಭ್ಯ ತಡೆಹಿಡಿಯಲಾಗುವುದು.’

ನೋಟಿಸನ್ನು ಅಂಗಿಯ ಜೇಬಿನಲ್ಲಿ ಬಚ್ಚಿಟ್ಟ. ಅಂಗಿ ಒಗೆಯುವವಳು ಹೆಂಡತಿ ಎಂಬುದು ನೆನಪಾಗಲಿಲ್ಲ. ಅವಳು ಒದ್ದೆ ಕೈಯಲ್ಲೇ ಓದಿ, ಎಲ್ಲವನ್ನೂ ಬಾಯಿ ಬಿಡಿಸಿ, ಬೈಯಬೇಕಾದಷ್ಟು ಬೈದಳು. “ಮೂವತ್ತೊಂದು ವರ್ಷ ಹಿಂದೆ ಮುಂದೆ ಹೋಗಿ ಗಳಿಸಿದ್ದನ್ನ ಈಗ ಸುಮ್ಮನೆ ನಿಂತು ಕಳಕೊಳ್ತೀರಲ್ರೀ. ನಾಳೆನೇ ಸದ್ದು ನಿಂತಿತು ಅಂತ ಬರೆದುಕೊಡಿ.”

“ಬರೆದರೆ ಈ ರಸ್ತೇನೂ ಹೋಗುತ್ತೆ ಕಣೇ,” ಎಂದ. ಹೆಂಡತಿ ಅವನ ಮುಖವನ್ನು ನೋಡಿದವಳು ಆಮೇಲೆ ಬೈಯಲಿಲ್ಲ. ಭಾನುವಾರ ಊಟಕ್ಕೆ ಬಾ ಎಂದು ತಮ್ಮನಿಗೆ ಹೇಳಿ ಕಳಿಸಿದಳು.

ಭಾನುವಾರ ಬಾಮೈದ ಬಂದು ಅಳಿಯ ಮಾಡಿಕೊಟ್ಟ ಪೀಠದ ಮೇಲೇ ಕುಳಿತ. ರೋಲರಣ್ಣ ಎದುರು ಕಿಟಕಿಯ ಹತ್ತಿರ ಕುಳಿತ. ಇಬ್ಬರ ನಡುವೆ ಮೂರು ಅಡಿ.

“ನಿನ್ನ ತಮ್ಮನಿಗೆ ಹೇಳು, ನಾಳೆ ಪರವಾನಗಿಗೆ ಅರ್ಜಿ ಹಾಕಬೇಕಂತೆ ಅಂತ,” ಎಂದ ರೋಲರಣ್ಣ ಗೋಡೆಯ ಕಡೆ ನೋಡುತ್ತ.

“ಅಕ್ಕ, ಭಾವನಿಗೆ ಹೇಳು, ಮೊದಲು ಡಾಂಬರು ಹಾಕಲಿ ಅಂತ. ರಸ್ತೆ ಇಲ್ಲದೆ ಅಗೆಯೋಕೆ ನಮಗೆ ತಲೆ ಕೆಟ್ಟಿದೆಯಾ?”

“ರಸ್ತೆ ಇದೆ ಅಂತ ರಿಜಿಸ್ಟರಿನಲ್ಲಿದೆ, ಅಷ್ಟು ಸಾಕು ಅಂತ ಹೇಳು.”

“ಅಲ್ಲ, ಇಲ್ಲದ ರಸ್ತೇನ ಇದೆ ಅಂತ ಬರೆದವರು ಯಾರು ಅಂತ ಕೇಳು.”

“ನಾನೇನು ಟೆಲಿಫೋನಾ?” ಎಂದು ಹೆಂಡತಿ ಸೌಟು ಹಿಡಿದೇ ಎದ್ದಳು. “ಇಬ್ಬರಿಗೂ ಬಾಯಿದೆ, ಮಾತಾಡ್ಕೊಳ್ಳಿ. ಮಾತು ಮುಗಿದ ಮೇಲೆ ಊಟ. ಮುಗೀದಿದ್ರೆ ಊಟ ಇಲ್ಲ.” ಅಡುಗೆಮನೆಯ ಬಾಗಿಲು ಮುಚ್ಚಿತು.

ಬಾಮೈದ ಉಗುರು ನೋಡಿಕೊಂಡ. ರೋಲರಣ್ಣ ಎರಡು ಸಲ ಬಾಯಿ ತೆರೆದು ಮುಚ್ಚಿದ. ಮೂರನೆಯ ಸಲ ಮಾತು ಬಂತು.

“ಇದು ನನ್ನ ಕೊನೇ ರಸ್ತೆ ಕಣೋ. ಒಂದಾದರೂ ಉಳೀಲಿ ಅಂತ ಆಸೆ.”

ಬಾಮೈದ ತಲೆಯೆತ್ತಿದ. ಭಾವ ಹೀಗೆ ಬೇಡಿಕೊಳ್ಳುವ ದನಿಯಲ್ಲಿ ಮಾತಾಡಿದ್ದನ್ನು ಅವನು ಯಾವತ್ತೂ ಕೇಳಿರಲಿಲ್ಲ. “ನಾನೇನು ಖುಷಿಯಿಂದ ಅಗೀತೀನಾ ಭಾವ?” ಎಂದ. “ಗುತ್ತಿಗೆದಾರರ ರಸ್ತೆ ಆದ್ರೆ ಒಂದೇ ದಿನಕ್ಕೆ ಅಗೆದು ಬಿಸಾಕ್ತೀವಿ. ನಿಮ್ಮ ರಸ್ತೆಗೆ ಮೂರು ದಿನ ಬೇಕು. ಅಂಚೆ ಕಚೇರಿ ರಸ್ತೇಲಿ ಎರಡು ಹಾರೆ ಮುರಿದಿದೆ, ಗೊತ್ತಾ? ನಮ್ಮ ಹುಡುಗರು ನಿಮ್ಮ ಹೆಸರು ಹೇಳಿ ಶಾಪ ಹಾಕ್ತಾರೆ.”

“ಎರಡು ಹಾರೆ?” ಎಂದ ರೋಲರಣ್ಣ.

“ಎರಡು. ಒಂದು ಹೊಸದು.”

ಯಾವ ಸಾಹೇಬರೂ ಅವನ ಕೆಲಸವನ್ನು ಇಷ್ಟು ಮೆಚ್ಚಿಕೊಂಡಿರಲಿಲ್ಲ. ಅವನ ಮುಖ ಅರಳಿತು. ಎರಡು ವರ್ಷದ ಮುನಿಸು ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ. “ಹೊಸ ಹಾರೇನಾ ಮುರೀತು?” ಎಂದು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡ. ಅಡುಗೆಮನೆಯ ಬಾಗಿಲು ತೆರೆಯಿತು.

ರಸ್ತೆ ಇಲಾಖೆಯ ಕಚೇರಿಯೂ ನೀರಿನ ಇಲಾಖೆಯ ಕಚೇರಿಯೂ ಎದುರುಬದುರು ಕಟ್ಟಡಗಳು. ಈ ಕಿಟಕಿಯಲ್ಲಿ ಸೀನಿದರೆ ಆ ಕಿಟಕಿಗೆ ಕೇಳಿಸುತ್ತಿತ್ತು. ಆದರೂ ಇಲ್ಲಿಂದ ಅಲ್ಲಿಗೆ ಹೋಗಬೇಕಾದ ಕಾಗದ ಮುಖ್ಯ ಕಚೇರಿಯ ಊರಿಗೆ ಹೋಗಿ, ಅಲ್ಲಿ ವಿಶ್ರಾಂತಿ ಪಡೆದು, ನಲವತ್ತು ದಿನದ ಮೇಲೆ ಬರುತ್ತಿತ್ತು. ಸೋಮವಾರ ಬಾಮೈದ ಅರ್ಜಿಯನ್ನು ಕೈಯಲ್ಲಿ ಹಿಡಿದು ಬೀದಿ ದಾಟಿದ. ಜವಾನ ಅವನನ್ನು ತಡೆದು, “ಹೀಗೆ ಕೈಯಲ್ಲಿ ತರೋ ಹಾಗಿದೆಯಾ?” ಎಂದು ಕೇಳಿದ. ಹಾಗಿದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಯಾರೂ ತಂದಿರಲಿಲ್ಲ. ಎಂಜಿನಿಯರಮ್ಮ ನಿಯಮಗಳ ಪುಸ್ತಕವನ್ನು ಎರಡು ದಿನ ಓದಿ, ಕೂಡದು ಎಂದು ಎಲ್ಲೂ ಬರೆದಿಲ್ಲವೆಂದು ಕಂಡುಹಿಡಿದು, ಮೂರನೆಯ ದಿನ ಮೊಹರನ್ನು ಚೀಲಕ್ಕೆ ಹಾಕಿಕೊಂಡು, ಎರಡೂ ಕಚೇರಿಯ ರುಜು ಒಂದೇ ಮೇಜಿನ ಮೇಲೆ ಮುಗಿಸಲು ತಾವೇ ಬೀದಿ ದಾಟಿದರು. ನಾಲ್ಕನೆಯ ದಿನ ಪರವಾನಗಿ ಸಿಕ್ಕಿತು.

ಮುಂದಿನ ನಾಲ್ಕು ದಿನ ಆ ಬೀದಿಯವರು ನೋಡಿದ ತಮಾಷೆಯನ್ನು ಈಗಲೂ ಹೇಳುತ್ತಾರೆ. ಬಾಮೈದನ ತಂಡ ಅಗೆಯುತ್ತಿತ್ತು, ರೋಲರಣ್ಣ ದಡದ ಮೇಲೆ ನಿಂತು ಕಾಟ ಕೊಡುತ್ತಿದ್ದ. ಪೈಪು ಇಳಿಸಿ ಮಣ್ಣು ತಳ್ಳಲು ಹೋದರೆ, “ಒಂದು ಗೇಣು ತಳ್ಳು, ನೀರು ಹಾಕು, ದಮ್ಮಸು ಹೊಡಿ, ಆಮೇಲೆ ಇನ್ನೊಂದು ಗೇಣು,” ಎಂದು ತಡೆಯುತ್ತಿದ್ದ. “ಭಾವ, ನಿಮ್ಮ ಜೊತೆ ಮಾತು ಬಿಟ್ಟಿದ್ದಾಗಲೇ ಚೆನ್ನಾಗಿತ್ತು,” ಎಂದು ಬಾಮೈದ ಗುಂಡಿಯೊಳಗಿಂದ ಗೊಣಗಿದ. ಆದರೂ ಹೇಳಿದ ಹಾಗೆ ಮಾಡಿದ. ಒಂಬತ್ತನೆಯ ದಿನ ಬೆಳಿಗ್ಗೆ ರೋಲರಿನ ಸದ್ದು ತಾನಾಗಿ ನಿಂತಿದೆ ಎಂದು ರೋಲರಣ್ಣ ಬರೆದುಕೊಟ್ಟ. ಸಾಮಾನು ತರಿಸುವ ಕಡತ ಮುಚ್ಚಿತು. ತನ್ನ ಕೈಗುಣದಿಂದಲೇ ಸರಿಹೋಯಿತೆಂದು ಇಬ್ಬರು ಮೇಸ್ತ್ರಿಗಳೂ ಹೇಳಿಕೊಂಡು, ಯಂತ್ರ ಸರಿಯಾಗಿದೆ ಎಂದು ಬರೆದುಕೊಟ್ಟರು.

ಹತ್ತನೆಯ ದಿನ ದೊಡ್ಡ ಸಾಹೇಬರು ಕಾರಿನಲ್ಲಿ ಬಂದಾಗ ಬಿಸಿ ಡಾಂಬರಿನ ಮೇಲೆ ರೋಲರು ಉರುಳುತ್ತಿತ್ತು. ಸಾಹೇಬರು ಕಾರಿನಿಂದ ಇಳಿಯಲಿಲ್ಲ, ಗಾಜು ಇಳಿಸಿದರು. “ನೋಡಿದ್ರಾ ಮೇಡಂ, ಸರಿಯಾಗಿ ಒಂದು ನೋಟಿಸು ಕೊಟ್ಟರೆ ಯಂತ್ರದ ಸದ್ದೂ ನಿಲ್ಲುತ್ತೆ,” ಎಂದು ಎಂಜಿನಿಯರಮ್ಮನಿಗೆ ಆಡಳಿತದ ಪಾಠ ಹೇಳಿ ಗಾಜು ಏರಿಸಿಕೊಂಡರು. ಅದಾಗಿ ಎರಡು ತಿಂಗಳಿಗೆ ರೋಲರಣ್ಣ ನಿವೃತ್ತನಾದ. ಬಿಸಿಲಿನಲ್ಲಿ ಕುಳಿತು ಕುಳಿತು ಕತ್ತಿನ ಚರ್ಮ ಕಪ್ಪಾಗಿತ್ತು, ಕಿವಿ ಸ್ವಲ್ಪ ಮಂದವಾಗಿತ್ತು. ಉಳಿದಂತೆ ಗಟ್ಟಿಯಾಗಿದ್ದ.

ನಿವೃತ್ತರು ಸಾಮಾನ್ಯವಾಗಿ ಉದ್ಯಾನಕ್ಕೆ ಹೋಗುತ್ತಾರೆ. ಇವನು ಶಾಲೆಯ ಹಿಂದಿನ ಬೀದಿಗೆ ಹೋಗತೊಡಗಿದ. ಮೊದಲ ಮಳೆಗೆ ಛತ್ರಿ ಹಿಡಿದು ಹೋಗಿ, ನೀರು ಎಲ್ಲೂ ನಿಂತಿಲ್ಲವೆಂದು ನೋಡಿ ಬಂದ. ಆರು ತಿಂಗಳಾಯಿತು, ಎಂಟಾಯಿತು. ಬೀದಿಯ ಮನೆಗಳ ನಲ್ಲಿಗಳಲ್ಲಿ ನೀರು ಬಂತು. ಯಾರಾದರೂ ಗುದ್ದಲಿ ಹಿಡಿದು ಆ ಕಡೆ ಸುಳಿದರೂ ಸೈಕಲ್ ಅಂಗಡಿಯವನು ಅವನಿಗೆ ಸುದ್ದಿ ಮುಟ್ಟಿಸುತ್ತಿದ್ದ. ಹನ್ನೊಂದನೆಯ ತಿಂಗಳು ತುಂಬುವಾಗ ಅವನಿಗೆ ಭಯ ಶುರುವಾಯಿತು. ಯಾವ ರಸ್ತೆಯೂ ಇಲ್ಲಿಯವರೆಗೆ ಬಂದಿರಲಿಲ್ಲ, ಆದ್ದರಿಂದ ಇನ್ನು ಮುಂದೆ ಏನಾಗುತ್ತದೆಂದು ಅವನಿಗೆ ತಿಳಿದಿರಲಿಲ್ಲ.

ಭಯ ನಿಜವಾಯಿತು. ಲೆಕ್ಕದ ವರ್ಷದ ಕೊನೆಯ ತಿಂಗಳಲ್ಲಿ ಎಂಜಿನಿಯರಮ್ಮ ಒಂದು ಕಾಗದ ಹಿಡಿದು ಅವನ ಮನೆಗೇ ಬಂದರು.

“ರೋಲರಣ್ಣ, ನಲವತ್ತೇಳನೇ ರಸ್ತೆಗೆ ದುರಸ್ತಿಯ ಹಣ ಬಂದಿದೆ.”

“ಯಾಕೆ ಬಂತು? ಅದು ಕೆಟ್ಟಿಲ್ಲವಲ್ಲ.”

“ಪ್ರತಿ ವರ್ಷ ಎಲ್ಲ ರಸ್ತೆಗೂ ಬರುತ್ತೆ. ಕೆಟ್ಟಿದೆಯಾ ಅಂತ ಯಾರೂ ಕೇಳಲ್ಲ. ಹನ್ನೆರಡು ದಿನದಲ್ಲಿ ಖರ್ಚಾಗಬೇಕು. ಮೇಲಿನ ಪದರ ಕೆರೆದು ತೆಗೆದು ಹೊಸದಾಗಿ ಹಾಕಿಸಿ ಅಂತ ದೊಡ್ಡ ಸಾಹೇಬರು ಫೋನಿನಲ್ಲಿ ಹೇಳಿದ್ದಾರೆ.”

ಈಗ ರೋಲರಣ್ಣನ ಕೈಯಲ್ಲಿ ರೋಲರೂ ಇರಲಿಲ್ಲ, ಸದ್ದು ಬರುತ್ತಿದೆ ಎಂದು ಬರೆದುಕೊಡುವ ಅಧಿಕಾರವೂ ಇರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, “ಒಂದ್ಸಲ ನೋಡ್ಕೊಂಡು ಬರೋಣ ಬನ್ನಿ ಮೇಡಂ,” ಎಂದ. ಇಬ್ಬರೂ ನಡೆದುಕೊಂಡೇ ಹೋದರು.

ಶಾಲೆ ಬಿಟ್ಟಿತ್ತು. ಮಕ್ಕಳು ರಸ್ತೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಹಾಕಿ ಕುಂಟಾಟ ಆಡುತ್ತಿದ್ದರು. ಹಿಟ್ಟಿನ ಚೀಲ ಹೇರಿದ ಕೈಗಾಡಿಯೊಂದು ಕುಲುಕದೆ ಹೋಯಿತು. ಎಂಜಿನಿಯರಮ್ಮ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದರು, ವಾಪಸ್ಸು ಬಂದರು. ಒಂದು ಕಡೆ ನಿಂತು ಹಿಮ್ಮಡಿಯಿಂದ ಗುದ್ದಿ ನೋಡಿದರು. ಆಮೇಲೆ ಚೀಲದಿಂದ ಹಳದಿ ಬಣ್ಣಕ್ಕೆ ತಿರುಗಿದ ಇನ್ನೊಂದು ಕಾಗದ ತೆಗೆದರು.

“ಹಣ ವಾಪಸ್ ಕಳಿಸೋ ನಮೂನೆ ಇದು. ನಮ್ಮ ಕಚೇರೀಲಿ ಇದುವರೆಗೆ ಯಾರೂ ತುಂಬಿಲ್ಲ. ಹುಡುಕೋಕೆ ಕ್ಯಾಷಿಯರಿಗೆ ಎರಡು ದಿನ ಬೇಕಾಯ್ತು,” ಎಂದರು. “ಕಳಿಸಿದರೆ ಸಾಹೇಬರು ಸುಮ್ಮನಿರಲ್ಲ. ನನ್ನ ಕಡತದಲ್ಲಿ ಏನಾದರೂ ಬರೀತಾರೆ.”

“ಹೌದು, ಬರೀತಾರೆ,” ಎಂದ ರೋಲರಣ್ಣ. ಅವರು ಕಳಿಸಲಿ ಎಂದು ಅವನ ಜೀವ ಹಂಬಲಿಸುತ್ತಿತ್ತು. ಆದರೆ ಮಗಳ ವಯಸ್ಸಿನವರಿಗೆ ಹೋಗಿ ಪೆಟ್ಟು ತಿನ್ನಿ ಎಂದು ಹೇಳಲು ನಾಲಿಗೆ ಏಳಲಿಲ್ಲ.

ಎಂಜಿನಿಯರಮ್ಮ ಕಾಗದವನ್ನು ಸೈಕಲ್ ಅಂಗಡಿಯ ಕಟ್ಟೆಯ ಮೇಲೆ ಹಾಸಿ ತುಂಬತೊಡಗಿದರು. ಒಂದು ಕಡೆ ಪೆನ್ನು ನಿಂತಿತು. “ಇಲ್ಲಿ ಕಾರಣ ಕೇಳಿದ್ದಾರೆ. ಸಮಯ ಸಾಲಲಿಲ್ಲ ಅಂತ ಬರೀಬಹುದು. ಸಾಮಾನು ಸಿಗಲಿಲ್ಲ ಅಂತ ಬರೀಬಹುದು. ಹಾಗೆ ಬರೆದರೆ ಬೈಗುಳ ಸ್ವಲ್ಪ ಕಮ್ಮಿ.”

“ಎರಡೂ ಸುಳ್ಳಲ್ವಾ ಮೇಡಂ.”

“ಮತ್ತೆ ಏನು ಬರೀಲಿ?”

ರೋಲರಣ್ಣ ರಸ್ತೆಯನ್ನು ನೋಡಿದ. “ಬೇಕಾಗಿಲ್ಲ ಅಂತ ಬರೀರಿ.”

“ಅಷ್ಟೇನಾ?”

“ಅಷ್ಟೇ.”

ಅವರು ಬರೆದರು, ರುಜು ಹಾಕಿದರು, ತಾರೀಖು ಹಾಕಿದರು. ರೋಲರಣ್ಣ ಕಟ್ಟೆಯ ಮೇಲೆ ಬಗ್ಗಿ ನೋಡಿದ. ಕನ್ನಡಕ ಮನೆಯಲ್ಲೇ ಉಳಿದಿತ್ತು, ಮೇಲಾಗಿ ಕಣ್ಣಲ್ಲಿ ನೀರು ತುಂಬಿ ಅಕ್ಷರ ಒಂದೂ ಕಾಣಲಿಲ್ಲ.

“ಮೇಡಂ, ಇದರದ್ದೊಂದು ನಕಲು ನನಗೆ ಕೊಡೋಕೆ ಆಗುತ್ತಾ?”

“ಸರ್ಕಾರಿ ಕಾಗದ ರೋಲರಣ್ಣ. ಕೊಡೋ ಹಾಗಿಲ್ಲ.”

“ಹಾಗಾದ್ರೆ ಒಂದ್ಸಲ ಓದಿ ಹೇಳಿಬಿಡಿ.”

ಎಂಜಿನಿಯರಮ್ಮ ಕಾಗದವನ್ನು ಬೆಳಕಿಗೆ ಹಿಡಿದು, ರಸ್ತೆಯ ಸಂಖ್ಯೆಯಿಂದ ಶುರುಮಾಡಿ, ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಓದಿದರು. “ರಸ್ತೆ ಸಂಖ್ಯೆ ನಲವತ್ತೇಳು. ಶಾಲೆಯ ಹಿಂದಿನ ಬೀದಿ. ದುರಸ್ತಿ, ಬೇಕಾಗಿಲ್ಲ.”